ಎಡಗಡೆಯ ಒಂಟಿ ಸೀಟು

ಆಗಲ್ಲ ಅಂದವನು ನನ್ನ ಸೋದರಮಾವ.

ಅವನೊಬ್ಬನೇ ಅಂದಿದ್ದಲ್ಲ. ನಾನು ಡಿಗ್ರಿ ಮಾಡೋದು ಆಗಲ್ಲ ಅಂದವರ ಸಾಲು ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಸಂಜೆ ನಿಲ್ಲುವ ಗಾಡಿಗಳ ಸಾಲಿನಷ್ಟಿತ್ತು, ಹಾರ್ನೂ ಅಷ್ಟೇ ಜೋರು. ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ನಿಂತಿದ್ದರೆ ನಾನು ಇನ್ನೂ ಸಿಗ್ನಲ್ಲಿನಲ್ಲೇ ಇರುತ್ತಿದ್ದೆ. ಆದರೆ ಮಿಕ್ಕವರೆಲ್ಲ ಆಗಲ್ಲ ಅಂದು, ಟೀ ಕುಡಿದು, ಲೋಟ ಕೆಳಗಿಟ್ಟು ಹೋದರು. ಮಾವ ಪಂಥ ಕಟ್ಟಿದ.

ಅಪ್ಪ ತೀರಿಕೊಂಡ ಮರುವರ್ಷ ಅದು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದಿದ್ದೆ. ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ನಾನು ಮತ್ತು ಅವ್ವ. ಮಾವ ರಾಯಚೂರು ಕಡೆಯ ನಮ್ಮೂರಿನಿಂದ ಬಸ್ಸಿನಲ್ಲಿ ಜೋಳದ ಚೀಲ ಹೊತ್ತುಕೊಂಡು ಬಂದ. ಚೀಲ ಇಳಿಸಿ, ಟವೆಲಿನಲ್ಲಿ ಕತ್ತು ಒರೆಸಿಕೊಂಡು, ತನ್ನ ಮಗನಿಗೆ ನನ್ನನ್ನು ಕೇಳಿದ. ನಮ್ಮ ಕಡೆ ಸೋದರಮಾವ ಹೆಣ್ಣು ಕೇಳುವುದು ಅಂದರೆ ಕೇಳುವುದಲ್ಲ, ತಿಳಿಸುವುದು.

"ನಾಪಾಸ್ ಆದಾಕಿನ್ನ ಇನ್ನೇನ್ ಓದಸ್ತಿ? ನನ್ನ ಮನೀಗಿ ಕೊಡು. ಮಗಳಂಗ ನೋಡ್ಕೋತೀನಿ" ಅಂದ.

"ಮಗಳಂಗ ನೋಡ್ಕೊಳ್ಳಾಂವ ಸೊಸಿ ಯಾಕ ಮಾಡ್ಕೋತಿ?" ಅಂದಳು ಅವ್ವ. ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಆಕಿ ಡಿಗ್ರಿ ಮಾಡತಾಳ."

ಮಾವ ನಕ್ಕ. ಕೆಟ್ಟ ನಗು ಅಲ್ಲ. ಎಮ್ಮೆ ಹಾಡು ಹೇಳುತ್ತೆ ಅಂದರೆ ಯಾರಾದರೂ ನಗುತ್ತಾರಲ್ಲ, ಹಾಗೆ.

"ನಿನ್ನ ಮಗಳು ಡಿಗ್ರಿ ಮಾಡ್ಲಿ, ನೀ ವಿಮಾನದಾಗ ಕುಂತು ನನ್ನ ಮಾಳಿಗಿ ಮ್ಯಾಲಿಂದ ಹಾದು ಹೋಗು. ನಾ ಮಾಳಿಗಿ ಹತ್ತಿ ನಿಂತು ನಿನಗ ಕೈ ಮುಗೀತೀನಿ."

ಅವ್ವ ರೊಟ್ಟಿ ಹೆಂಚಿಗೆ ಹಾಕಿದಳು. "ಕೈ ತೊಳಕೊಂಡು ಇಟ್ಕೋ, ಮುಗೀಬೇಕಾಗತೈತಿ. ನೀ ಕೈ ಮುಗಿಯೂತನಕ ನಾ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ."

ಆ ರೊಟ್ಟಿಯನ್ನು ಮಾವ ತಿಂದೇ ಹೋದ. ಮುನಿಸಿಗೂ ಊಟಕ್ಕೂ ನಮ್ಮ ಕಡೆ ಸಂಬಂಧ ಇಲ್ಲ.

ಆದರೆ ಅವ್ವ ಮಾತಿಗೆ ನಿಂತಳು. ನಮ್ಮ ಕಡೆ ಹೆಂಗಸರಿಗೆ ಪಂಚಮಿ ಹಬ್ಬ ಅಂದರೆ ತವರಿಗೆ ಹೋಗುವುದು. ಅಣ್ಣ ಕರೆಯಲು ಬರುತ್ತಾನೆ, ತಂಗಿ ಹೋಗಿ ಉಂಡಿ ತಿಂದು ಜೋಕಾಲಿ ಆಡಿ ಬರುತ್ತಾಳೆ. ಪಂಚಮಿ ಬಂದಾಗಲೆಲ್ಲ ಮಾವ ಫೋನ್ ಮಾಡುತ್ತಿದ್ದ. "ಬರ್ತಿಯೇನು?" "ವಿಮಾನ ಸಿಕ್ಕಿಲ್ಲ." "ಹಂಗಾದ್ರ ಇರು ಅಲ್ಲೇ." ಇಷ್ಟೇ ಮಾತು. ಆಮೇಲೆ ಅವ್ವ ತಾನೇ ಶೇಂಗಾ ಉಂಡಿ ಕಟ್ಟಿ, ತಾನೇ ತಿಂದು, ಬೆಲ್ಲ ಸರಿ ಇಲ್ಲ ಅಂತ ಬೆಂಗಳೂರನ್ನು ಬೈಯುತ್ತಿದ್ದಳು. ಮಾವನ ಮಗನಿಗೆ ಬೇರೆ ಕಡೆ ಮದುವೆ ಆಯಿತು. ಅವನ ಹೆಂಡತಿ ಪುಣ್ಯವಂತೆ, ಅವನೂ ಒಳ್ಳೆಯವನೇ. ಅವ್ವ ಆ ಮದುವೆಗೂ ಹೋಗಲಿಲ್ಲ. ಅಕ್ಷತೆ ಹಾಕಬೇಕಾದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಗ ನನಗೆ ಗೊತ್ತಾಯಿತು, ಈ ಡಿಗ್ರಿ ನನ್ನದು ಮಾತ್ರ ಅಲ್ಲ ಅಂತ. ನಾನು ಫೇಲಾದರೆ ಅವ್ವನಿಗೆ ತವರಿಲ್ಲ.

ಅದೊಂದು ಭಾರ ಇಟ್ಟುಕೊಂಡು ಯಾರಾದರೂ ಓದಿ ನೋಡಲಿ. ಕಮ್ಮನಹಳ್ಳಿ ಮೇನ್ ರೋಡಿನ ಬಟ್ಟೆ ಅಂಗಡಿಯಲ್ಲಿ ನೈಟಿ ಮಡಚಿದೆ. ಆಮೇಲೆ ಇಂದಿರಾನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಹಲ್ಲುನೋವಿನವರು ಯಾರೂ ಹೆಚ್ಚು ಮಾತಾಡುವುದಿಲ್ಲವಾದ್ದರಿಂದ ಕೌಂಟರಿನ ಕೆಳಗೆ ಪುಸ್ತಕ ಇಟ್ಟುಕೊಂಡು ಓದಬಹುದಿತ್ತು. ಪಿಯುಸಿ ಇಂಗ್ಲಿಷನ್ನು ಮತ್ತೆ ಕಟ್ಟಿ ಪಾಸಾದ ಮೇಲೆ ಬಿ.ಎ.ಗೆ ಸೇರಿದ್ದು ದೂರಶಿಕ್ಷಣದಲ್ಲಿ. ಅದರಲ್ಲಿ ಮೇಷ್ಟ್ರು ದೂರ ಇರುತ್ತಾರೆ, ಶಿಕ್ಷೆ ಮಾತ್ರ ಹತ್ತಿರವೇ ಇರುತ್ತೆ. ಅರ್ಥಶಾಸ್ತ್ರ ಎರಡು ಸಲ ನನ್ನನ್ನು ಕೆಡವಿತು. ಮೂರನೇ ಸಲ ನಾನು ಅದನ್ನು ಕೆಡವಿದೆ. ಡಿಗ್ರಿ ಆಯಿತು. ನಮ್ಮ ವಂಶದಲ್ಲಿ ಮೊದಲನೆಯದು. ಹಿಂದಿನ ತಲೆಮಾರುಗಳನ್ನು ಎಷ್ಟು ಕೆದಕಿದರೂ ಇನ್ನೊಂದು ಸಿಗುವುದಿಲ್ಲ. ಇದನ್ನು ನಾನು ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತೇನೆ, ಯಾಕಂದರೆ ನಾಚಿಕೊಂಡೇ ಸಾಕಷ್ಟು ವರ್ಷ ಕಳೆದಿದ್ದೇನೆ.

ಘಟಿಕೋತ್ಸವ ಕಲಬುರಗಿಯಲ್ಲಿ ಅಂತ ಮೆಸೇಜು ಬಂತು. ಬರಲಾಗದವರಿಗೆ ಸರ್ಟಿಫಿಕೇಟನ್ನು ಅಂಚೆಯಲ್ಲಿ ಕಳಿಸುತ್ತಾರಂತೆ. ನಾನು ಅವ್ವನಿಗೆ ಅದನ್ನೇ ಹೇಳಿದೆ. "ಪೋಸ್ಟಲ್ಲಿ ತರಿಸ್ಕೊಳ್ಳೋಣ ಅವ್ವ, ರಜೆ ಸಿಗಲ್ಲ."

ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಕಲಬುರಗಿಗಿ ವಿಮಾನ ಹೊಕ್ಕೈತೇನು?"

ಹೋಗುತ್ತಿತ್ತು. ಬೆಳಗಿನ ಹೊತ್ತು, ಸಣ್ಣ ವಿಮಾನ. ನಕ್ಷೆಯಲ್ಲಿ ಬೆರಳಿಟ್ಟು ಗೆರೆ ಎಳೆದರೆ ಅದು ತುಂಗಭದ್ರೆ ದಾಟಿ, ಕೃಷ್ಣೆ ದಾಟಿ, ಸೀದಾ ಉತ್ತರಕ್ಕೆ. ಎರಡು ನದಿಗಳ ನಡುವೆ ಎಲ್ಲೋ ನಮ್ಮೂರು. ಮಾವನ ಮಾಳಿಗೆ.

ಅಲ್ಲಿಂದ ಶುರುವಾಯಿತು ಕಿಟಕಿಯ ಚಿಂತೆ. ಮೊದಲ ಸಲ ವಿಮಾನ ಹತ್ತುವವರಿಗೆ ಜನ ಧೈರ್ಯ ಹೇಳುತ್ತಾರೆ ಅಂದುಕೊಂಡಿದ್ದೆ. ಯಾರೂ ಹೇಳಲಿಲ್ಲ. ಎಲ್ಲರೂ ಸೀಟು ಹೇಳಿದರು.

ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಂದೇ ಒಂದು ಸಲ ಗೋವಾಕ್ಕೆ ಹಾರಿದ್ದವಳು. ಅವಳ ಮಾತು ಕೇಳಿದರೆ ಪೈಲಟ್ಟು ಅವಳನ್ನು ಕೇಳಿಯೇ ಸ್ಟೇರಿಂಗ್ ತಿರುಗಿಸಿದ್ದ ಅನ್ನಿಸಬೇಕು. "ಮಗಾ, ರೆಕ್ಕೆ ಮುಂದೆ ತಗೋ. ರೆಕ್ಕೆ ಪಕ್ಕ ಕೂತ್ಕೊಂಡ್ರೆ ಇಡೀ ದಾರಿ ತಗಡು ನೋಡ್ಕೊಂಡು ಹೋಗ್ತೀಯ. ತಗಡು ನೋಡೋಕೆ ವಿಮಾನ ಬೇಕಾ, ನಿಮ್ಮ ಏರಿಯಾದಲ್ಲೇ ಶೀಟ್ ಮನೆ ಇಲ್ವಾ?" ಅಂದಳು. ಅವಳ ಮನೆಯೂ ಶೀಟಿನದೇ, ಹಾಗಾಗಿ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ನಾನೂ ಅವ್ವನೂ ಶಿವಾಜಿನಗರಕ್ಕೆ ಬ್ಯಾಗು ಕೊಳ್ಳಲು ಹೋದೆವು. ಅಂಗಡಿಯವರು ಬ್ಯಾಗಿನ ಜಿಪ್ಪು ಎಳೆದು ತೋರಿಸುವುದನ್ನು ಅರ್ಧಕ್ಕೆ ಬಿಟ್ಟು ಗಲ್ಲಾದ ಮೇಲೆ ಮೊಣಕೈ ಊರಿದರು. "ಅಮ್ಮಾ, ಧೂಪ್ ಯಾವ ಸೈಡ್ ಬರುತ್ತೆ ಅಂತ ಮೊದ್ಲು ನೋಡ್ಕೊಳ್ಳಿ. ನಾನು ಸೌದಿಯಿಂದ ಬರುವಾಗ ಬಿಸಿಲು ಸೈಡಲ್ಲೇ ಕೂತೆ. ಪೂರಾ ರಸ್ತಾ ಪರದೆ ಇಳಿಸ್ಕೊಂಡು ಬಂದೆ. ಕಿಟಕಿಗೆ ಕಾಸು ಕೊಟ್ಟು ಗೋಡೆ ನೋಡ್ದೆ, ಖುದಾ ಕಸಂ." ಅವ್ವ ತಲೆದೂಗಿ, ಈ ಅನುಭವಕ್ಕೆ ಮರುಕ ಪಟ್ಟು, ಅದೇ ಉಸಿರಿನಲ್ಲಿ ಬ್ಯಾಗಿನ ರೇಟು ಇಳಿಸಿದಳು.

ಅವ್ವ ಅಡುಗೆ ಮಾಡುವ ಮನೆ ಕುಕ್ ಟೌನಿನಲ್ಲಿದೆ. ಹಳೇ ಬಂಗಲೆ, ಒಬ್ಬರೇ ಮುದುಕಿ. ದೇಶ ದೇಶ ಸುತ್ತಿದವರು. ಅವರು ಹೇಳಿದ್ದು ಪೂರ್ತಿ ಉಲ್ಟಾ. "ಕಿಟಕಿ ಯಾಕೆ ಬೇಕು? ಮೇಲೆ ಏನಿದೆ, ಬರೀ ಮೋಡ. ದಾರಿ ಪಕ್ಕದ ಐಲ್ ಸೀಟ್ ತಗೊಳ್ಳಿ. ಬಾತ್‌ರೂಮಿಗೆ ಹೋಗೋಕೆ ಸಲೀಸು."

ಅವ್ವ ಸಂಜೆ ಮನೆಗೆ ಬಂದು ಇದನ್ನು ನನಗೆ ವರದಿ ಮಾಡಿ, ತೀರ್ಪೂ ಕೊಟ್ಟಳು. "ಆಕಿ ಮನೀಗಿ ಎಲ್ಲಿ ನೋಡಿದಲ್ಲಿ ಕಿಟಕಿ. ಕಿಟಕಿ ಸಾಕಾಗಿ ಐಲು ಬೇಡತಾಳ. ನಮ್ಮ ಕೋಣಿಗಿ ಇರೂದ ಒಂದು, ಅದೂ ಮಾಲೀಕರ ನೀರಿನ ಟ್ಯಾಂಕಿಗಿ ಮುಖಾ ಮಾಡಿ. ನನಗ ಕಿಟಕೀನ ಬೇಕು."

ಸರಿ, ಕಿಟಕಿ. ಯಾವ ಕಡೆ?

ಇದು ನಾವು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಅವ್ವನಿಗೆ ಎಡ ಬಲ ಅನ್ನುವುದು ಕೈಗೆ ಮಾತ್ರ. ಊರಿಗೆ, ಹೊಲಕ್ಕೆ, ಮನೆಗೆ ಮೂಡಲು, ಪಡುವಲು. ಕ್ಲಿನಿಕ್ಕಿನ ದಾರಿ ಕೇಳಿದರೂ "ಮೆಟ್ರೋ ಇಳಿದು ತೆಂಕಲಕ್ಕ ಹೊಳ್ಳು" ಅನ್ನುತ್ತಾಳೆ. ನನಗೆ ಅದು ಉಲ್ಟಾ. ನಾನು ಹುಟ್ಟಿ ಬೆಳೆದ ಕೆ.ಆರ್. ಪುರದಲ್ಲಿ ಸೂರ್ಯ ಯಾವ ಬಿಲ್ಡಿಂಗಿನ ಹಿಂದೆ ಹುಟ್ಟುತ್ತಾನೆ ಅಂತ ಕೇಳಿದರೆ ಗೂಗಲ್ ನೋಡಬೇಕು.

"ನಮ್ಮೂರು ರಾಯಚೂರಿಗಿ ಪಡುವಲಕ್ಕ ಐತಿ. ವಿಮಾನ ರಾಯಚೂರಿನ ಬಾಜೂಕ ಹಾದು ಹೋಗತೈತಿ. ಹಂಗಾದ್ರ ಪಡುವಲ ಕಿಟಕಿ ಹಿಡಿ" ಅಂದಳು ಅವ್ವ. ಸೀಟು ಬುಕ್ ಮಾಡುವ ಆ್ಯಪಿನಲ್ಲಿ ಪಡುವಲ ಕಿಟಕಿ ಅನ್ನುವ ಬಟನ್ ಇರುವುದಿಲ್ಲ ಅಂತ ಹೇಗೆ ಹೇಳಲಿ?

ಕೊನೆಗೆ ಕೋಣೆಯ ನಡುವೆ ಎರಡು ಪ್ಲಾಸ್ಟಿಕ್ ಸ್ಟೂಲು ಹಾಕಿ ಒಂದರ ಹಿಂದೆ ಒಂದು ಕೂತೆವು. ಅವ್ವ ಮುಂದೆ, ನಾನು ಹಿಂದೆ. ಮೂತಿ ಉತ್ತರಕ್ಕೆ, ಅಂದರೆ ಗ್ಯಾಸ್ ಸಿಲಿಂಡರಿನ ಕಡೆಗೆ. ಅವ್ವ ಪಡುವಲಿಗೆ ಕೈ ಚಾಚಿದಳು. ಎಡಗೈ. "ಎಡಕ್ಕ!" ಅಂತ ಕೂಗಿದಳು. ಬೆಳಗಿನ ವಿಮಾನ, ಬಿಸಿಲು ಮೂಡಲಿಂದ, ಅಂದರೆ ಬಲದಿಂದ. ಎಡಕ್ಕೆ ನೆರಳು. ಬ್ಯಾಗಿನ ಅಂಗಡಿಯವರ ಮಾತೂ ಕೂಡಿತು. ಎರಡು ಸ್ಟೂಲಿನ ಮೇಲೆ ಮುಂದೆ ಹಿಂದೆ ಕೂತು, ಕೈ ಚಾಚಿ, ನಾವು ಗೆದ್ದವರ ಹಾಗೆ ಕೂಗುತ್ತಿರುವಾಗಲೇ ಮನೆ ಮಾಲೀಕರ ಹೆಂಡತಿ ನೀರಿನ ಮೋಟರ್ ಹಾಕಲು ಬಂದು ಬಾಗಿಲಲ್ಲಿ ನಿಂತರು. ಅವರದು ಹಿಂದೆ ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಬಾಡಿಗೆ ಬೆಳೆಯುತ್ತಾರೆ.

"ಏನಮ್ಮಾ ಇದು?"

"ವಿಮಾನ್ರೀ" ಅಂದಳು ಅವ್ವ, ಕೈ ಇಳಿಸದೆ.

"ಓ" ಅಂದರು ಅವರು. ಮೋಟರ್ ಹಾಕುವುದನ್ನು ಮರೆತು ಹೋದರು. ಅವತ್ತು ಯಾರ ಮನೆಗೂ ನೀರು ಬರಲಿಲ್ಲ.

ಸೀಟಿನ ನಕ್ಷೆ ತೆರೆದಾಗ ಇನ್ನೊಂದು ಪೇಚಾಟ. ಸಣ್ಣ ವಿಮಾನ ಅಂದೆನಲ್ಲ, ಬಲಕ್ಕೆ ಎರಡೆರಡು ಸೀಟು, ಎಡಕ್ಕೆ ಒಂದೊಂದೇ. ಎಡಗಡೆ ಕೂತರೆ ಕಿಟಕಿಯೂ ನಿನ್ನದೇ, ದಾರಿಯೂ ನಿನ್ನದೇ, ಆದರೆ ಪಕ್ಕದಲ್ಲಿ ಯಾರೂ ಇಲ್ಲ. ಅವ್ವನ ಕೈ ಹಿಡಿದುಕೊಂಡು ಕೂರಬೇಕು ಅಂತ ನಾನು ಲೆಕ್ಕ ಹಾಕಿದ್ದೆ. ನಿಜ ಹೇಳಬೇಕಂದರೆ ಅವ್ವ ನನ್ನ ಕೈ ಹಿಡಿದುಕೊಳ್ಳಲಿ ಅಂತ.

"ಜೋಡಿ ಸೀಟು ತಗೊಳ್ಳೋಣ ಅವ್ವ, ಬಲಗಡೆ."

"ಬಲಕ್ಕ ಏನ್ ಕಾಣತೈತಿ?"

"ರಾಯಚೂರು ಕರೆಂಟ್ ಫ್ಯಾಕ್ಟರಿ ಹೊಗೆ ಕೊಳವೆ ಕಾಣುತ್ತಂತೆ."

"ಹೊಗಿ ನೋಡಾಕ ಟಿನ್ ಫ್ಯಾಕ್ಟರಿ ಸಾಕು. ಒಂಟಿ ಸೀಟ ಹಿಡಿ. ನೀ ಹಾದಿ ಆಚಿ ಕುಂದರು. ಬಸ್ಸಿನ್ಯಾಗ ಗಂಡಸರು ಹೆಂಗಸರು ಬ್ಯಾರೆ ಬ್ಯಾರೆ ಕುಂತಂಗ."

ರೆಕ್ಕೆಗಿಂತ ಮುಂದೆ, ಎಡಗಡೆ, ಒಂಟಿ ಸೀಟು. ಬುಕ್ ಮಾಡಿದೆ. ಅವ್ವ ಅಭ್ಯಾಸ ಬೇಕು ಅಂದಳು ಅಂತ ಭಾನುವಾರ ಮೆಟ್ರೋ ಹತ್ತಿಸಿ ಹಲಸೂರಿನವರೆಗೆ ಕರೆದುಕೊಂಡು ಹೋದೆ. ಅವಳಿಗೆ ಮೆಟ್ರೋ ಮೇಲೆ ಮೊದಲಿಂದಲೂ ಒಂದು ತಕರಾರು. "ಇಷ್ಟ ದೊಡ್ಡ ಕಿಟಕಿ ಮಾಡ್ಯಾರ, ಅದಕ್ಕ ಬೆನ್ನ ಹಚ್ಚಿ ಕುಂದ್ರಸ್ಯಾರ. ಎದುರಿಗಿ ಕುಂತವರ ಮಾರಿ ನೋಡ್ಕೋತ ಹೋಗು ಅಂತ." ಅವತ್ತು ನಿಂತುಕೊಂಡೇ ಹೋದಳು, ಹಣೆಯನ್ನು ಗಾಜಿಗೆ ಒತ್ತಿ. ಕೆಳಗೆ ಓಡುವ ಮಾಳಿಗೆಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು. ಒಣಹಾಕಿದ ಸೀರೆ, ಕಪ್ಪು ಟ್ಯಾಂಕು, ಮುರಿದ ಕುರ್ಚಿ, ಬರಿ ಬನಿಯನ್ನಿನಲ್ಲಿ ಹಲ್ಲುಜ್ಜುವ ಗಂಡಸು. "ಮಂದಿ ಕಾಣತಾರ, ನಿಚ್ಚಳ ಕಾಣತಾರ" ಅಂದಳು. ಮೆಟ್ರೋ ಎಷ್ಟು ಎತ್ತರ, ವಿಮಾನ ಎಷ್ಟು ಎತ್ತರ ಅಂತ ಹೇಳೋಣ ಅಂತ ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಹೊರಡುವ ಮುಂಚಿನ ದಿನ ಅವ್ವನೇ ಮಾವನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಆನ್ ಮಾಡಿಸಿದಳು, ಸಾಕ್ಷಿ ಇರಲಿ ಅಂತ.

"ಅಣ್ಣಾ, ನಾಳಿ ಮುಂಜಾನಿ ನಿನ್ನ ತಲಿ ಮ್ಯಾಲಿಂದ ಹೊಂಟೀನಿ."

ಆ ಕಡೆ ಎಮ್ಮೆ ಕೂಗಿತು. "ಪಾಸ್ ಆದಳೇನು ಖರೇ?" ಅಂದ ಮಾವ.

"ಕಲಬುರಗಿಗಿ ಸರ್ಟಿಫಿಕೇಟ್ ತರಾಕ ಹೊಂಟೀವಿ. ನೀ ಮಾಳಿಗಿ ಹತ್ತು."

"ಹತ್ತೂದು ಹತ್ತತೀನಿ. ಅಷ್ಟು ಮ್ಯಾಲಿಂದ ನನ್ನ ಮಾಳಿಗಿ ಯಾವುದಂತ ನಿನಗ ಹೆಂಗ ಗುರುತು ಸಿಗತೈತಿ?"

ಇದು ಸರಿಯಾದ ಪ್ರಶ್ನೆ. ಅವ್ವ ನನ್ನ ಮುಖ ನೋಡಿದಳು. ನಾನು ಡಿಗ್ರಿ ಮಾಡಿದವಳು, ಅರ್ಥಶಾಸ್ತ್ರ ಮೂರು ಸಲ ಓದಿದವಳು. ನನಗೂ ಏನೂ ಹೊಳೆಯಲಿಲ್ಲ. ಮಾವನಿಗೇ ಹೊಳೆಯಿತು.

"ಮೆಣಸಿನಕಾಯಿ ಬಿಡಿಸೀವಿ. ಮಾಳಿಗಿ ತುಂಬ ಹರವತೀನಿ. ಕೆಂಪಗ ಉರದಂಗ ಕಾಣತೈತಿ. ಅದ ಗುರುತು."

"ಭೇಷ್ ಆತು" ಅಂದಳು ಅವ್ವ. ಇಬ್ಬರಿಗೂ ಆ ಕ್ಷಣ ಎಂಥ ಒಗ್ಗಟ್ಟು ಅಂದರೆ, ಪಂಥ ಕಟ್ಟಿಕೊಂಡವರು ಇವರೇನಾ ಅನ್ನಿಸಿತು.

ಬೆಳಕು ಹರಿಯುವ ಹೊತ್ತಿಗೆ ಟಿನ್ ಫ್ಯಾಕ್ಟರಿಯಿಂದ ಏರ್‌ಪೋರ್ಟ್ ಬಸ್ಸು. ಅಲ್ಲಿ ಸಾಲು, ಆಮೇಲೆ ಇನ್ನೊಂದು ಸಾಲು, ಚಪ್ಪಲಿ ಬಿಡಬೇಕೇನೋ ಅಂತ ಅವ್ವ ಎರಡು ಕಡೆ ಬಿಟ್ಟಳು, ಎರಡೂ ಕಡೆ ಹಾಕಿಕೊಳ್ಳಿ ಅಂದರು. ವಿಮಾನದೊಳಗೆ ಹೋದರೆ ಅವ್ವನ ಸೀಟಿನಲ್ಲಿ ಒಬ್ಬ ಕೋಟು ಹಾಕಿದ ಮನುಷ್ಯ ಆರಾಮಾಗಿ ಕೂತು ಪೇಪರ್ ಬಿಡಿಸಿದ್ದಾನೆ. ಕಿಟಕಿಯ ಕಡೆ ನೋಡುತ್ತಲೂ ಇಲ್ಲ.

"ಸರ್, ಇದು ನಮ್ಮ ಸೀಟು" ಅಂದೆ.

"ಎಲ್ಲಾ ಸೀಟೂ ಒಂದೇ ಕಡೆ ಹೋಗುತ್ತಲ್ಲಮ್ಮಾ. ಅಲ್ಲಿ ಕೂತ್ಕೊಳ್ಳಿ."

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಒಂದ ಕಡಿ ಹೊಕ್ಕಾವಂದ್ರ ನೀವ ಅಲ್ಲಿ ಕುಂದ್ರಿ ಸಾಹೇಬ್ರ. ನಮ್ಮಣ್ಣ ಮಾಳಿಗಿ ಮ್ಯಾಲ ಕಾಯಾಕತ್ತಾನ."

ಆ ಮನುಷ್ಯನಿಗೆ ಏನರ್ಥವಾಯಿತೋ, ಎದ್ದ. ಅಣ್ಣ, ಮಾಳಿಗೆ, ಕಾಯುವುದು, ಈ ಮೂರರಲ್ಲಿ ಏನೋ ಒಂದು ಅವನಿಗೆ ಪೊಲೀಸು ಕೇಸಿನ ಹಾಗೆ ಕೇಳಿಸಿರಬೇಕು.

ವಿಮಾನ ಏರುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ದಾರಿಯ ಆಚೆ ಅವ್ವ ಸೆರಗಿನಿಂದ ಕಿಟಕಿಯ ಗಾಜು ಒರೆಸುತ್ತಿದ್ದಳು. ನಂದಿಬೆಟ್ಟ ಕೆಳಗೆ ಸರಿಯಿತು. "ಅವ್ವ, ಬೆಟ್ಟ ನೋಡು" ಅಂದೆ. "ಬೆಟ್ಟ ನನಗ್ಯಾಕ" ಅಂದಳು. ಜನ ದುಡ್ಡು ಕೊಟ್ಟು ನೋಡುವ ಚೆಂದವನ್ನೆಲ್ಲ ಅವಳು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾ ಹೋದಳು. ಕೆರೆಗಳು ಒಡೆದ ಬಳೆಚೂರಿನ ಹಾಗೆ ಹೊಳೆದವು, ಬೇಡ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕೈಬೀಸಿದವು, ಬೇಡ. ಅವಳು ಕಣ್ಣನ್ನು ಉಳಿಸಿಟ್ಟುಕೊಂಡಿದ್ದಳು. ನನ್ನ ಪಕ್ಕದ ಕಿಟಕಿಯಿಂದ ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಅಲ್ಲಿ ಕೂತವರು ಪರದೆ ಎಳೆದು ಗೊರಕೆ ಶುರು ಮಾಡಿದರು.

ತುಂಗಭದ್ರೆ ಬಂತು. ಅಷ್ಟೊಂದು ಹೆಸರಿನ ನದಿ, ಮೇಲಿಂದ ನೋಡಿದರೆ ಯಾರೋ ಬಿಚ್ಚಿ ಎಸೆದ ಲಾಡಿ. ನಾನು ಬೆಲ್ಟಿನಲ್ಲಿ ಇದ್ದಷ್ಟು ಜಾಗದಲ್ಲಿ ಬಾಗಿ ಅವ್ವನ ಮೊಣಕೈ ಮುಟ್ಟಿದೆ. "ಒಂದನೇ ಹೊಳೆ ದಾಟ್ತು. ಇನ್ನು ನಮ್ಮೂರು."

ಅವ್ವ ಹಣೆಯನ್ನು ಗಾಜಿಗೆ ಒತ್ತಿದಳು. ವಿಮಾನ ನಿಧಾನವಾಗಿ ಇಳಿಯಲು ಶುರು ಮಾಡಿತ್ತು. ಕಪ್ಪು ಹೊಲಗಳು, ಬಿಳಿ ದಾರಿಗಳು, ಊರುಗಳು ಚೆಲ್ಲಿದ ಜೋಳದ ಕಾಳಿನ ಹಾಗೆ.

"ಅಕಾ!" ಅವ್ವ ಕಿರುಚಿದಳು. ಮುಂದಿನ ಸಾಲಿನವರು ತಿರುಗಿದರು. "ಅಕಾ ಅಲ್ಲಿ, ಕೆಂಪಗ! ಅಣ್ಣನ ಮಾಳಿಗಿ!"

ನಾನು ಕತ್ತು ಚಾಚಿದೆ. ನಿಜವಾಗಿಯೂ ಕೆಂಪು. ಕುಂಕುಮದ ಬೊಟ್ಟಿನಷ್ಟು.

"ಅಕಾ, ಅಲ್ಲೂ..." ಅಂದಳು. ದನಿ ಸ್ವಲ್ಪ ಇಳಿದಿತ್ತು. "ಅಲ್ಲೂ ಐತಿ. ಇಲ್ಲೊಂದು. ಯವ್ವಾ, ಅಲ್ನೋಡು, ಅಷ್ಟೂ ಕೆಂಪು."

ನನಗೆ ಆಗ ತಲೆಗೆ ಹೋಯಿತು. ಅದು ಮೆಣಸಿನಕಾಯಿ ಒಣಗಿಸುವ ಕಾಲ. ಮಾವ ಒಬ್ಬನೇ ಮೆಣಸಿನಕಾಯಿ ಬೆಳೆಯುವುದೇ? ಆ ಸೀಮೆಯೇ ಬೆಳೆಯುತ್ತೆ. ಒಂದೊಂದು ಊರಿಗೂ ಕಣ, ಕಣದ ತುಂಬ ಕೆಂಪು, ಬಯಲ ತುಂಬ ಕೆಂಪು. ತನ್ನ ಮಾಳಿಗೆಯಿಂದ ಆಚೆ ನೋಡದ ಮಾವ, ಮೆಣಸಿನಕಾಯಿಯನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಾ ಕೊಳ್ಳುತ್ತಾ ಊರು ಮರೆತ ಅವ್ವ, ಗೂಗಲ್ ನಂಬಿದ ನಾನು. ಮೂವರೂ ಸೇರಿ, ಜಾತ್ರೆಯಲ್ಲಿ ಕಳೆದುಹೋದರೆ ತಲೆಗೂದಲು ಕಪ್ಪಗಿರುವವನನ್ನು ಹುಡುಕು ಅಂದ ಹಾಗೆ ಗುರುತು ಇಟ್ಟುಕೊಂಡಿದ್ದೆವು.

ಕೃಷ್ಣೆ ಬಂತು, ಹೋಯಿತು. ನಮ್ಮೂರು ಹಿಂದೆ ಬಿತ್ತು.

ಅವ್ವ ಹಣೆ ತೆಗೆಯಲಿಲ್ಲ. ಆಮೇಲೆ ನಿಧಾನವಾಗಿ ಈ ಕಡೆ ತಿರುಗಿದಳು. ಹಣೆಯ ಮೇಲೆ ಗಾಜಿನ ಅಂಚಿನ ಗೆರೆ ಮೂಡಿತ್ತು. "ಯಾವ ಮಾಳಿಗೀನೂ ಗುರುತು ಹತ್ತಲಿಲ್ಲ" ಅಂದಳು. ಅಪ್ಪ ಸತ್ತಾಗಲೂ ನಾನು ಅವ್ವನನ್ನು ನೋಡಿದ್ದೇನೆ, ಮನೆ ಖಾಲಿ ಮಾಡಿಸಿದಾಗಲೂ ನೋಡಿದ್ದೇನೆ. ಅವಳು ಇಷ್ಟು ಸಣ್ಣಗೆ ಮಾತಾಡಿದ್ದು ಕೇಳಿರಲಿಲ್ಲ. ಎಷ್ಟೋ ಪಂಚಮಿಗಳನ್ನು ಒತ್ತೆ ಇಟ್ಟು ತಂದ ಕಿಟಕಿ ಅದು.

ಗಾಲಿ ನೆಲ ಮುಟ್ಟುವಷ್ಟರಲ್ಲಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. "ಅವನಿಗಿ ಕಂಡಿ ಅಂತ ಹೇಳತೀನಿ. ನೀ ಬಾಯಿ ಬಿಟ್ಟಿ ಅಂದ್ರ ನೋಡು."

ಮೆಟ್ಟಿಲು ಇಳಿದು, ಬಿಸಿಲಲ್ಲಿ ನಿಂತೇ ಫೋನ್ ಮಾಡಿದಳು.

"ಅಣ್ಣಾ, ಕಂಡಿ ಬಿಡು! ನಿಚ್ಚಳ ಕಂಡಿ."

"ಹೌದಾ?" ಅಂದ ಮಾವ. ದನಿಯಲ್ಲಿ ಏನೋ ಗಡಿಬಿಡಿ. "ನಾನೂ ನೋಡೀನಿ. ಭರ್ ಅಂತ ಹಾದು ಹೋತು. ಕೈ ಮುಗದೀನಿ ಮತ್ತ."

"ಮುಗದಿದ್ದು ಕಂಡೀನಿ. ಬಿಳೀ ಅಂಗಿ ಹಾಕ್ಕೊಂಡಿದ್ದಿ."

"ಹೂಂ... ಬಿಳೇದ."

ಫೋನಿನ ಆ ಕಡೆಯಿಂದ ಯಾರೋ ಆಟೋದವರು "ಸೂಪರ್ ಮಾರ್ಕೆಟ್, ಸೂಪರ್ ಮಾರ್ಕೆಟ್, ಲಗೂ ಹತ್ರೀ" ಅಂತ ಒದರಿದರು. ನಮ್ಮೂರಿನಲ್ಲಿ ಸೂಪರ್ ಮಾರ್ಕೆಟ್ ಇಲ್ಲ. ಮಾರ್ಕೆಟ್ಟೇ ಇಲ್ಲ. ಅವ್ವ ತನ್ನ ಸುಳ್ಳು ಹೇಳುವ ಗದ್ದಲದಲ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಬಾಯಿ ಬಿಡಬೇಡ ಅಂದಿದ್ದಳಲ್ಲ, ಬಿಡಲಿಲ್ಲ.

ವಿಶ್ವವಿದ್ಯಾಲಯದ ಗೇಟಿನ ಹತ್ತಿರ ಆಟೋ ಇಳಿದೆವು. ಬೇವಿನ ಮರದ ಕೆಳಗೆ, ನೀಲಿ ಗೀಟಿನ ಅಂಗಿ ಹಾಕಿಕೊಂಡು, ಹೆಗಲ ಮೇಲೆ ಟವೆಲು, ಕಬ್ಬಿನ ಹಾಲು ಕುಡಿಯುತ್ತಾ ಮಾವ ನಿಂತಿದ್ದ. ಕೂದಲು ಪೂರ್ತಿ ಹಣ್ಣಾಗಿತ್ತು.

ಅವ್ವ ನಿಂತಲ್ಲೇ ನಿಂತಳು. ಮಾವ ಲೋಟ ಬಾಯಿಂದ ತೆಗೆದ. ಇಬ್ಬರ ಸುಳ್ಳೂ ಇಬ್ಬರ ಮುಖದ ಮೇಲೂ ಒಟ್ಟಿಗೇ ಬಿದ್ದಿತ್ತು. ಯಾರು ಮೊದಲು ಜಾರಿಕೊಳ್ಳುವುದು?

ಅವ್ವನೇ ಬಾಯಿ ತೆರೆದಳು. "ಬಿಳೀ ಅಂಗಿ ಎಲ್ಲೈತಿ?"

"ಮಾಳಿಗಿ ಮ್ಯಾಲ ಬಿಟ್ಟು ಬಂದೀನಿ" ಅಂದ ಮಾವ.

ನನಗೆ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ನಗಲಿಲ್ಲ. ಒಬ್ಬರ ಮೇಲೊಬ್ಬರು ಕಣ್ಣಾಡಿಸಿ, ಯಾರಿಗೆ ಎಷ್ಟು ವಯಸ್ಸಾಗಿದೆ ಅಂತ ಅಳೆಯುತ್ತಿದ್ದರು. ಕಬ್ಬಿನ ಹಾಲಿನ ಇನ್ನೆರಡು ಲೋಟ ಹೇಳಿದ ಮಾವ, ನೆಲ ನೋಡುತ್ತಾ ವಿವರಣೆ ಕೊಟ್ಟ. ಹಿಂದಿನ ದಿನವೇ ಬಸ್ಸು ಹಿಡಿದು ಬಂದು ಪರಿಚಯದವರ ಮನೆಯಲ್ಲಿ ಉಳಿದಿದ್ದನಂತೆ. "ಊರ ಮಂದಿ ಮುಂದ ಮಾಳಿಗಿ ಹತ್ತಿ ಮುಗಲಿಗಿ ಕೈ ಮುಗದು ನಿಂತ್ರ, ಇವನಿಗಿ ತಲಿ ಕೆಟ್ಟೈತಿ ಅಂತಿದ್ರು."

"ಹಂಗಾದ್ರ ಕೈ ಮುಗದಿಲ್ಲ" ಅಂದಳು ಅವ್ವ.

"ನೀನರ ಎಲ್ಲಿ ನನ್ನ ಮಾಳಿಗಿ ಕಂಡಿ?"

ಪಂಥದಲ್ಲಿ ಯಾರೂ ಗೆದ್ದಿರಲಿಲ್ಲ, ಯಾರೂ ಸೋತಿರಲಿಲ್ಲ. ಹೊಸ್ತಿಲ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೂವರೂ ಕಬ್ಬಿನ ಹಾಲು ಕುಡಿದೆವು.

ಒಳಗೆ ಶಾಮಿಯಾನದಲ್ಲಿ ದೊಡ್ಡವರ ಭಾಷಣ. ಯುವಜನತೆ ಗಗನಕ್ಕೆ ಏರಬೇಕು ಅಂತ ಒಬ್ಬರು ಹೇಳಿದರು. ನಾವು ಆಗಷ್ಟೇ ಅಲ್ಲಿಂದ ಇಳಿದು ಬಂದಿದ್ದೆವು. ಚಿನ್ನದ ಪದಕದವರಿಗೆ ವೇದಿಕೆ, ಗೌನು, ಫೋಟೋ. ನಮ್ಮಂಥವರಿಗೆ ಹಿಂದಿನ ಕಟ್ಟಡದಲ್ಲಿ ಒಂದು ಕೌಂಟರು. ಗುಮಾಸ್ತರು ಹಾಲ್‌ಟಿಕೆಟ್ ನೋಡಿ, ಮುಖ ನೋಡಿ, ಇನ್ನೊಮ್ಮೆ ಹಾಲ್‌ಟಿಕೆಟ್ ನೋಡಿದರು. "ಫೋಟೋದಾಗ ದಪ್ಪ ಇದ್ದೀರಲ್ರೀ." "ಓದಿ ಓದಿ ಸೊರಗಿದೆ ಸರ್" ಅಂದೆ. ಸಹಿ ಮಾಡಿಸಿಕೊಂಡು ಸರ್ಟಿಫಿಕೇಟು ಚಾಚಿದರು. ಕೈ ಚಪ್ಪಾಳೆ ಇಲ್ಲ, ಏನಿಲ್ಲ. ಹಿಂದಿದ್ದವನು ಬೆನ್ನಿಗೆ ತಿವಿದು "ಸರೀರಿ ಅಕ್ಕಾರ" ಅಂದ.

ಸರಿದೆ. ಕಾರಿಡಾರಿನಲ್ಲಿ ಅವ್ವನ ಕೈಗೆ ಕೊಟ್ಟೆ. ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಅಕ್ಷರ ಬಾರದವಳು, ಆದರೂ ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅದನ್ನು ಅಣ್ಣನ ಕಡೆ ಚಾಚಿದಳು. "ಓದು."

ಮಾವ ನಾಲ್ಕನೇ ಇಯತ್ತೆವರೆಗೆ ಓದಿದವನು. ಜೇಬಿನಿಂದ ಕನ್ನಡಕ ತೆಗೆದು, ಬೆರಳಿಟ್ಟು, ಕನ್ನಡದಲ್ಲಿದ್ದ ಭಾಗವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ನನ್ನ ಹೆಸರು ಓದಿದ. ಬೆರಳು ಮುಂದೆ ಸರಿಯಿತು. ಒಂದು ಕಡೆ ನಿಂತಿತು, ಅಲ್ಲೇ ಬಹಳ ಹೊತ್ತು ಇತ್ತು.

"ಇದರಾಗ ನಿನ್ನ ಹೆಸರೈತಿ" ಅಂದ ತಂಗಿಗೆ. "ತಾಯಿ ಅಂತ ಬರದಾರ."

"ಗೊತ್ತೈತಿ" ಅಂದಳು ಅವ್ವ. ಅವಳಿಗೆ ಗೊತ್ತಿರಲಿಲ್ಲ.

ಮಾವ ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಸರ್ಟಿಫಿಕೇಟನ್ನು ಅವ್ವನ ಕೈಗೇ ವಾಪಸ್ ಇಟ್ಟ.

"ಇದನ್ನ ನಾ ಊರಾಗ ಹೇಳಿದ್ರ ಒಬ್ಬನೂ ನಂಬಂಗಿಲ್ಲ ತಂಗೆವ್ವ. ಆಗಂಗಿಲ್ಲ, ಆಗಂಗಿಲ್ಲ ಅಂತ ಓಣಿ ಓಣಿ ಸಾರ್ಕೋತ ತಿರಗಿದಾಂವ ನಾನ. ನೀನ ಬಂದು ತೋರಸು. ನಡಿ, ಇನ್ನೊಂದು ತಾಸಿಗಿ ಬಸ್ಸೈತಿ."